ರಜೆ ಮುಗಿಯದ ಮನುಷ್ಯ

ಪರದೇಶದಿಂದ ಬಂದವನೊಬ್ಬ ಮದುವೆಯ ಹಾಲಿನಲ್ಲಿಯೋ ಮೀನು ಮಾರುಕಟ್ಟೆಯಲ್ಲಿಯೋ ಸಿಕ್ಕಿದರೆ ಮಂಗಳೂರಿನ ಕಡೆಯವರು ಕೇಳುವ ಪ್ರಶ್ನೆಗಳು ಎರಡೇ. ಮೊದಲನೆಯದು, “ಯಾವಾಗ ಬಂದದ್ದು?” ಎರಡನೆಯದು, “ಇನ್ನು ಯಾವಾಗ ಹೋಗ್ಲಿಕ್ಕೆ?” ಮೊದಲನೆಯದಕ್ಕೆ ಉತ್ತರ ಬಾಯಿಯಿಂದ ಹೊರಡುವ ಮೊದಲೇ ಎರಡನೆಯದು ಬಂದುಬಿಡುವುದೂ ಉಂಟು. ಹೊರಗಿನವರಿಗೆ ಇದು ಬೇಗ ಜಾಗ ಖಾಲಿ ಮಾಡು ಎಂದಂತೆ ಕೇಳಿಸಬಹುದು. ಆದರೆ ಇದರಲ್ಲಿ ಅಂಥ ಒರಟುತನವೇನೂ ಇಲ್ಲ. ಕೇಳುವವರ ತಲೆಯಲ್ಲಿ ಒಂದು ಲೆಕ್ಕ ನಡೆಯುತ್ತಿರುತ್ತದೆ. ಒಂದು ತಿಂಗಳ ರಜೆಯಲ್ಲಿ ಮದುವೆಗಳಿಗೆ ಹೋದ ದಿನಗಳೆಷ್ಟು, ಕುಟುಂಬದ ಮನೆಯ ದೈವದ ನೇಮಕ್ಕೆ, ಹೆಂಡತಿಯ ತವರಿಗೆ, ದಂತವೈದ್ಯರಿಗೆ ಹೋದ ದಿನಗಳೆಷ್ಟು ಎಂದು ಕಳೆದು, ಉಳಿದುದರಲ್ಲಿ ಈತನನ್ನು ತಮ್ಮ ಮನೆಗೆ ಊಟಕ್ಕೆ ಯಾವಾಗ ಕರೆಯುವುದು, ಮಸ್ಕತ್ತಿನಲ್ಲಿರುವ ಅಳಿಯನಿಗೆ ಹಲಸಿನ ಹಪ್ಪಳದ ಕಟ್ಟನ್ನು ಈತನ ಕೈಯಲ್ಲಿ ಯಾವಾಗ ಕೊಟ್ಟು ಕಳುಹಿಸುವುದು ಎಂದು ಅವರು ನಿಂತಲ್ಲೇ ತೀರ್ಮಾನಿಸಬೇಕಾಗಿರುತ್ತದೆ. ಬಂದವನು ಹೋಗುವವನೇ ಎಂಬ ನಂಬಿಕೆಯ ಮೇಲೆ ಈ ಇಡೀ ಲೆಕ್ಕ ನಿಂತಿದೆ.

ಒಮಾನಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದು ಸುರತ್ಕಲ್ಲಿನ ಮನೆಗೆ ಬಂದ ನಾನು ಎರಡನೆಯ ಪ್ರಶ್ನೆಗೆ “ಇಲ್ಲ, ಇನ್ನು ಹೋಗುವುದಿಲ್ಲ” ಎಂದು ಉತ್ತರಿಸತೊಡಗಿದ ಮೇಲೆ ಊರಿನ ಲೆಕ್ಕ ತಪ್ಪಿತು. ಆ ಉತ್ತರ ಕೇಳಿದವರ ಮುಖದಲ್ಲಿ ಮೊದಲು ಸಣ್ಣ ಗಾಬರಿ ಮೂಡುತ್ತದೆ. ಆಮೇಲೆ ಸ್ವರ ತಗ್ಗುತ್ತದೆ. “ಎಂತ ಆಯ್ತು ಮಾರಾಯ್ರೆ?” ಎಂದು, ಮರಣದ ಮನೆಯ ಜಗಲಿಯಲ್ಲಿ ಕುಳಿತು ಕೇಳುವ ಧಾಟಿಯಲ್ಲಿ, ಕೈ ಹಿಡಿದು ಕೇಳುತ್ತಾರೆ. ಏನೂ ಆಗಿಲ್ಲ, ಸಾಕೆನಿಸಿತು ಬಂದೆ ಎಂದರೆ ನಂಬುವವರಿಲ್ಲ. ದೂರದ ಸಂಬಂಧಿಯೊಬ್ಬರು ನನಗೆ ಹೃದಯದ ಕಾಯಿಲೆಯಿದೆ ಎಂದು ತೀರ್ಮಾನಿಸಿ, ಸಕ್ಕರೆ ಹಾಕದ ಚಹಾ ಕೊಟ್ಟರು. ಹೃದಯಕ್ಕೂ ಸಕ್ಕರೆಗೂ ಏನು ಸಂಬಂಧವೆಂದು ಕೇಳುವಷ್ಟು ಧೈರ್ಯ ನನಗೆ ಬರಲಿಲ್ಲ. ಇನ್ನು ಕೆಲವರು, ಗಲ್ಫಿನ ಸಂಗತಿ ತಿಳಿದವರು, “ಒಮಾನೀಕರಣವೋ?” ಎಂದು ಪಾರಿಭಾಷಿಕವಾಗಿಯೇ ವಿಚಾರಿಸಿದರು. ಸ್ವದೇಶಿಯರಿಗೆ ಕೆಲಸ ಮೀಸಲಿಡುವ ಆ ನೀತಿ 1988ರಷ್ಟು ಹಿಂದೆಯೇ ಆರಂಭವಾದದ್ದು. ನಾನು ಅಲ್ಲಿಗೆ ಹೋದದ್ದೇ ಅದರ ನಡುವೆ; ಇಷ್ಟು ವರ್ಷ ಅದರ ಜೊತೆಯಲ್ಲಿ ಬದುಕಿ, ಅದು ನನ್ನನ್ನು ಮುಟ್ಟುವ ಮೊದಲೇ ನಾನೇ ಎದ್ದು ಬಂದವನು. ಇದನ್ನು ಹೇಳಿದರೂ ಪ್ರಯೋಜನವಿಲ್ಲ. ತಾನಾಗಿಯೇ ಎದ್ದು ಬರುವವರೂ ಇರುತ್ತಾರೆ ಎಂಬುದನ್ನು ನಮ್ಮ ಜಿಲ್ಲೆ ಇನ್ನೂ ಒಪ್ಪಿಕೊಂಡಿಲ್ಲ.

ನಿಜ ಹೇಳಬೇಕೆಂದರೆ ಒಪ್ಪಿಕೊಳ್ಳದಿರುವುದಕ್ಕೆ ಕಾರಣವೂ ಇದೆ. ಅಮೆರಿಕಕ್ಕೆ ಹೋದವನು ಅಲ್ಲಿಯವನೇ ಆಗಿಬಿಡಬಹುದು. ಗಲ್ಫಿಗೆ ಹೋದ ನಮ್ಮಂಥ ಸಾಮಾನ್ಯ ನೌಕರರು ಕೆಲಸ ಕೊಟ್ಟವರ ಹೆಸರಿನಲ್ಲಿ ಸಿಗುವ ವೀಸಾದ ಮೇಲೆ, ಎರಡು ವರ್ಷಕ್ಕೊಮ್ಮೆ ನವೀಕರಿಸುತ್ತ, ಅಲ್ಲಿಯವರಾಗದೆ ಇರುತ್ತೇವೆ. ಎಂದಾದರೊಂದು ದಿನ ಬರಲೇಬೇಕು ಎಂಬುದು ಎಲ್ಲರಿಗೂ ಗೊತ್ತು. ಆದರೆ ಆ ದಿನದ ಬಗ್ಗೆ ಯಾರೂ ಮಾತನಾಡುವುದಿಲ್ಲ. ಎಲ್ಲರೂ ಎರಡು ವರ್ಷಕ್ಕೆಂದೇ ಹೋಗುತ್ತಾರೆ. ಮನೆಯ ಸಾಲ ತೀರಲಿ, ತಂಗಿಯ ಮದುವೆಯಾಗಲಿ, ಮಗನ ಇಂಜಿನಿಯರಿಂಗ್ ಮುಗಿಯಲಿ ಎನ್ನುತ್ತ ಆ ಎರಡು ವರ್ಷ ಹನ್ನೆರಡು ಸಲ ಮುಗಿದವರನ್ನೂ ನಾನು ಮಸ್ಕತ್ತಿನ ರುವಿಯ ಅಂಗಡಿಬೀದಿಯಲ್ಲಿ ಕಂಡಿದ್ದೇನೆ. ಹೀಗೆ ಅಲ್ಲಿಯೂ ತಾತ್ಕಾಲಿಕ, ಇಲ್ಲಿಯೂ ರಜೆಯ ಮೇಲೆ ಬಂದವ. ಊರಿನವರ ಮಟ್ಟಿಗೆ ನಾನು ಎರಡು ದಶಕಗಳ ಕಾಲ ಒಂದು ತಿಂಗಳ ಮನುಷ್ಯನಾಗಿದ್ದೆ. ಆ ಒಂದು ತಿಂಗಳಿಗೆ ಬೇಕಾದ ಮರ್ಯಾದೆಯನ್ನು ಅವರು ಒದಗಿಸುತ್ತಿದ್ದರು. ಹನ್ನೆರಡು ತಿಂಗಳಿಗೆ ಒದಗಿಸಬೇಕೆಂದರೆ ಯಾರಿಗಾದರೂ ಕಷ್ಟವೇ.

ಆ ಮರ್ಯಾದೆ ಎಷ್ಟು ದಿನ ಬಾಳಿತು ಎಂಬುದನ್ನು ನನ್ನ ಊಟದ ಬಟ್ಟಲೇ ಹೇಳುತ್ತದೆ. ಬಂದ ಹೊಸತರಲ್ಲಿ ದಿನಕ್ಕೊಂದು ಮನೆಯಲ್ಲಿ ಊಟ. ಒಂದು ಕಡೆ ಕೋರಿ ರೊಟ್ಟಿ, ಇನ್ನೊಂದು ಕಡೆ ಕಾಣೆ ಮೀನಿನ ಫ್ರೈ, ಮತ್ತೊಂದು ಕಡೆ ನೀರುದೋಸೆಯ ಜೊತೆಗೆ ಬಂಗುಡೆಯ ಪುಳಿಮುಂಚಿ. “ಅಲ್ಲಿ ಇದೆಲ್ಲ ಎಲ್ಲಿ ಸಿಗ್ಬೇಕು ನಿಮಗೆ” ಎಂದು ದೊಡ್ಡಮ್ಮ ಮರುಕದಿಂದ ಬಡಿಸುವಾಗ, ಮಸ್ಕತ್ತಿನಲ್ಲಿ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲೇ ರೊಟ್ಟಿ, ಕುಚ್ಚಲಕ್ಕಿ, ಉಪ್ಪಿನಲ್ಲಿ ಹಾಕಿದ ಮಾವಿನಮಿಡಿ ಎಲ್ಲವೂ ಸಿಗುತ್ತಿದ್ದವು ಎಂದು ಹೇಳಲು ಬಾಯಿ ಬರುತ್ತಿರಲಿಲ್ಲ. ಆ ಮರುಕದಿಂದ ಒಂದು ಕಾಣೆ ಹೆಚ್ಚಿಗೆ ಬೀಳುತ್ತಿತ್ತು. ಸತ್ಯಕ್ಕೆ ಅಷ್ಟು ಬೆಲೆಯಿಲ್ಲ. ತಿಂಗಳು ದಾಟಿತು. ಹೋಗುವ ದಿನ ಬಾರದಿದ್ದಾಗ ಕಾಣೆ ಬಂಗುಡೆಯಾಯಿತು, ಬಂಗುಡೆ ಒಣಮೀನಿನ ಚಟ್ನಿಯಾಯಿತು. ನನ್ನ ಸ್ವಂತ ಮನೆಯಲ್ಲಿಯೂ, ರಜೆಯಲ್ಲಿ ಬಂದಾಗ “ನೀವು ಕೂತ್ಕೊಳ್ಳಿ, ಆಯಾಸ ಆಗಿರ್ತದೆ” ಎನ್ನುತ್ತಿದ್ದ ಹೆಂಡತಿ ಈಗ ಗ್ಯಾಸ್ ಸಿಲಿಂಡರ್ ಬುಕ್ ಮಾಡುವುದು, ಮೆಸ್ಕಾಂ ಬಿಲ್ಲು ಕಟ್ಟುವುದು, ತೆಂಗಿನಕಾಯಿ ಕೊಯ್ಯುವವನನ್ನು ಹುಡುಕಿ ತರುವುದು ಮೊದಲಾದ ಖಾತೆಗಳನ್ನು ನನಗೆ ವಹಿಸಿದ್ದಾಳೆ. ಇವುಗಳಲ್ಲಿ ಮೂರನೆಯದು ಅತಿ ಕಠಿಣ. ಒಮಾನಿನಲ್ಲಿ ಮಂತ್ರಾಲಯದ ಅಧಿಕಾರಿಗಳ ಭೇಟಿಗೆ ಸಮಯ ಪಡೆದವನು ನಾನು. ನಮ್ಮೂರಿನ ತೆಂಗಿನ ಮರ ಹತ್ತುವವರ ಭೇಟಿಗೆ ಸಮಯ ಪಡೆಯುವ ದಾರಿ ಇನ್ನೂ ತಿಳಿದಿಲ್ಲ. ಅವರು ಫೋನು ತೆಗೆಯುತ್ತಾರೆ, ಬರುತ್ತೇನೆ ಎನ್ನುತ್ತಾರೆ, ಯಾವ ದಿನವೆಂದು ಮಾತ್ರ ಹೇಳುವುದಿಲ್ಲ.

ಪೆಟ್ಟಿಗೆಯ ವಿಚಾರದಲ್ಲಿಯೂ ಇದೇ ಕಥೆ. ಒಂದು ಕಾಲದಲ್ಲಿ ಬಜ್ಪೆಯ ಗುಡ್ಡದ ಮೇಲಿನ ವಿಮಾನ ನಿಲ್ದಾಣದಿಂದ ಹೊರಬರುವವರ ಪೆಟ್ಟಿಗೆಗೆ ಹಗ್ಗ ಬಿಗಿದಿರುತ್ತಿತ್ತು. ಅದರೊಳಗೆ ನಿಡೋ ಹಾಲಿನ ಪುಡಿ, ಟ್ಯಾಂಗ್, ಕೊಡಲಿಯ ಚಿತ್ರದ ಎಣ್ಣೆಯ ಸೀಸೆ, ಟೈಗರ್ ಬಾಮ್, ಸೆಂಟು, ಖರ್ಜೂರ ಇರುತ್ತಿದ್ದವು. ಆ ಎಣ್ಣೆಯ ಸೀಸೆಯನ್ನು ಯಾರಿಗೆ ಕೊಟ್ಟೆವು, ಯಾರಿಗೆ ಕೊಡಲಿಲ್ಲ ಎಂಬುದರ ಮೇಲೆ ಬಂಧುತ್ವಗಳು ನಿರ್ಧಾರವಾಗುತ್ತಿದ್ದವು. ಈಗ ಇವೆಲ್ಲವೂ ಮಂಗಳೂರಿನ ಅಂಗಡಿಗಳಲ್ಲಿ ಸಾಲಾಗಿ ನಿಂತಿವೆ, ಖರ್ಜೂರದಲ್ಲಂತೂ ನಾನು ಅಲ್ಲಿ ಕಂಡದ್ದಕ್ಕಿಂತ ಹೆಚ್ಚಿನ ಬಗೆಗಳಿವೆ. ನಾನು ಕೊನೆಯ ಬಾರಿ ಹೊತ್ತು ತಂದ ಒಂದು ಪೆಟ್ಟಿಗೆ ಖರ್ಜೂರವನ್ನು ಅಕ್ಕನ ಮಗನಿಗೆ ಕೊಟ್ಟಾಗ ಅವನು ವಿನಯದಿಂದ ತೆಗೆದುಕೊಂಡು, ಅದರ ಬೆನ್ನ ಮೇಲಿನ ಚೀಟಿ ಓದಿ, ಅದೇ ಮಾಲು ಮನೆ ಬಾಗಿಲಿಗೆ ಬಂದು ಮುಟ್ಟುವ ದರವನ್ನು ಮೊಬೈಲಿನಲ್ಲಿ ತೋರಿಸಿದ. ನನ್ನ ಕಾಲದ ಹುಡುಗರು ಇಷ್ಟು ಸತ್ಯವಂತರಾಗಿರಲಿಲ್ಲ.

ಆದರೆ ಈ ವಿಷಯದಲ್ಲಿ ಕೊನೆಯ ಪೆಟ್ಟು ಕೊಟ್ಟದ್ದು ಖರ್ಜೂರವಲ್ಲ, ಬೂತಾಯಿ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮೀನು ಮೊಟ್ಟೆಯಿಡುವ ಕಾಲ, ಕಡಲೂ ಕೆರಳಿರುವ ಕಾಲ. ನಾಡದೋಣಿಯವರು ತರುವ ಸ್ವಲ್ಪ ಮೀನಿಗೆ ಚಿನ್ನದ ದರ. ನಾನು ಊರಿಗೆ ಬಂದದ್ದು ಸರಿಯಾಗಿ ಆ ಮಳೆಗಾಲದಲ್ಲಿ. ಮಸ್ಕತ್ತಿನಲ್ಲಿ ಕುಳಿತು ನಾನು ಕನಸು ಕಂಡದ್ದು ನಮ್ಮ ಕಡಲಿನ ಬೂತಾಯಿಗೆ; ಮೈಗೆ ಅಂಟುವ ಮಳೆಯಲ್ಲಿ ಕುಚ್ಚಲಕ್ಕಿ ಗಂಜಿಯ ಜೊತೆಗೆ ತಿನ್ನುವ ಆ ಸಣ್ಣ ಕೊಬ್ಬಿದ ಮೀನಿಗೆ. ಕೊಡೆ ಹಿಡಿದು ಮಾರುಕಟ್ಟೆಗೆ ಹೋದೆ. ಬುಟ್ಟಿಯ ಮುಂದೆ ಕುಳಿತಿದ್ದ ಹೆಂಗಸು ಒಳ್ಳೆಯ ಹೊಳಪಿನ ಬೂತಾಯಿ ತೋರಿಸಿ ದರ ಹೇಳಿದಳು. ತಾಜಾ ಅಲ್ಲವೇ ಎಂದು ಕೇಳಿದ್ದಕ್ಕೆ, “ಅಣ್ಣೇರೇ, ಉಂದು ಒಮಾನ್‌ದ ಬೂತಾಯಿ, ಐಸ್‌ಡ್ ಬತ್ತ್‌ಂಡ್, ಎಡ್ಡೆ ಉಂಡು” ಎಂದು ಅಭಿಮಾನದಿಂದ ಹೇಳಿದಳು. ಒಮಾನಿನ ಮೀನಂತೆ, ಮಂಜುಗಡ್ಡೆಯಲ್ಲಿ ಬಂದದ್ದಂತೆ, ಒಳ್ಳೆಯದಂತೆ. ನಾನೂ ಅಲ್ಲಿಂದಲೇ ಬಂದವನು ಎಂದು ಹೇಳಿಕೊಂಡೆ. ಆಕೆ ನನ್ನನ್ನೊಮ್ಮೆ, ಬುಟ್ಟಿಯನ್ನೊಮ್ಮೆ ನೋಡಿದಳು. ದರವನ್ನು ಕಡಿಮೆ ಮಾಡಲಿಲ್ಲ. ಬೂತಾಯಿ ಚೆನ್ನಾಗಿಯೇ ಇತ್ತು. ಮುತ್ರಾದ ಮೀನುಕಟ್ಟೆಯಲ್ಲಿ ಇದಕ್ಕಿಂತ ಕಡಿಮೆಗೆ ಸಿಗುತ್ತಿತ್ತು ಎಂಬುದನ್ನು ಮನೆಯಲ್ಲಿ ಹೇಳಿ ಬೈಸಿಕೊಂಡೆ, ಅಷ್ಟೆ.

ಅಲ್ಲಿಯೇ ಇನ್ನೊಂದು ವಿಚಾರವನ್ನೂ ಗಮನಿಸಿದೆ. ಹಣ ಕೊಡಲೆಂದು ಜೇಬಿನಿಂದ ನೋಟು ತೆಗೆದರೆ ಆಕೆ ಬುಟ್ಟಿಯ ಬದಿಗೆ ಕಟ್ಟಿದ್ದ ಚೌಕದ ಚಿತ್ರ ತೋರಿಸಿದಳು. ಯುಪಿಐ 2016ರಲ್ಲಿ ಬಂದದ್ದೆಂದು ನಾನು ಪತ್ರಿಕೆಯಲ್ಲಿ ಓದಿ ಬಲ್ಲೆ. ರಜೆಯಲ್ಲಿ ಬಂದಾಗಲೆಲ್ಲ ರಿಯಾಲು ಮಾರಿ ತಂದ ನೋಟಿನ ಕಟ್ಟಿನಲ್ಲಿಯೇ ವ್ಯವಹಾರ ಮುಗಿಸಿ ಹೋಗುತ್ತಿದ್ದುದರಿಂದ ಅದರ ಗೊಡವೆಗೆ ಹೋಗಿರಲಿಲ್ಲ. ರಿಯಾಲಿಗೆ ಸಾವಿರ ಬೈಸಾ. ಅಲ್ಲಿ ದಶಮಾಂಶದ ಮೂರನೆಯ ಸ್ಥಾನದವರೆಗೆ ಲೆಕ್ಕ ಹಾಕಿ ಅಭ್ಯಾಸವಾದ ನನಗೆ, ಹೂವು ಮಾರುವವರೂ ಎಳನೀರಿನವರೂ ಹತ್ತು ರೂಪಾಯಿಗೆ ಮೊಬೈಲು ಹಿಡಿಯುವ ಊರಿನಲ್ಲಿ, ಚಿಲ್ಲರೆ ಕೇಳುವ ಏಕೈಕ ಗಿರಾಕಿಯಾಗಿ ನಿಲ್ಲಬೇಕಾಯಿತು. ಯುಪಿಐ ಬೇಕಾದರೆ ಬ್ಯಾಂಕು ಖಾತೆ ಬೇಕು, ಖಾತೆಗೆ ಮೊಬೈಲು ಸಂಖ್ಯೆ ಜೋಡಿಸಿರಬೇಕು, ಹಾಗಾಗಿ ಬ್ಯಾಂಕಿಗೆ ಹೋಗಬೇಕು. ಬ್ಯಾಂಕಿಗೆ ಹೋಗುವುದೆಂದರೆ, ಯಾವ ಬ್ಯಾಂಕಿಗೆ?

ಇದನ್ನು ಸ್ವಲ್ಪ ವಿವರಿಸಬೇಕು. ಬ್ಯಾಂಕುಗಳನ್ನು ಹೆರುವ ವಿಷಯದಲ್ಲಿ ನಮ್ಮ ಅವಿಭಜಿತ ದಕ್ಷಿಣ ಕನ್ನಡಕ್ಕೆ ಸರಿಸಾಟಿಯಾದ ಜಿಲ್ಲೆ ದೇಶದಲ್ಲಿ ಬೇರೆ ಇಲ್ಲವೆಂದು ನಾವು ಹೇಳಿಕೊಂಡು ಬೆಳೆದವರು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕನ್ನು ಕಟ್ಟಿದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕು ಎನಿಸಿಕೊಂಡ ಸಂಸ್ಥೆಗೆ ಅಸ್ತಿವಾರ ಹಾಕಿದರು. 1924ರಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನ ಮೂಲರೂಪ, 1931ರಲ್ಲಿ ಎ.ಬಿ. ಶೆಟ್ಟರ ಮುಂದಾಳುತನದಲ್ಲಿ ವಿಜಯಾ ಬ್ಯಾಂಕು ಬಂದವು. ದಿನಕ್ಕೆ ಎರಡಾಣೆಯನ್ನಾದರೂ ಉಳಿಸಿ ಎಂದು ಮನೆಬಾಗಿಲಿಗೆ ಬಂದು ಸಂಗ್ರಹಿಸುವ ಪಿಗ್ಮಿ ಯೋಜನೆಯನ್ನು ಸಿಂಡಿಕೇಟ್ ಬ್ಯಾಂಕು ಆರಂಭಿಸಿದ್ದು 1928ರಲ್ಲಿ. ನನ್ನ ತಾಯಿ ಅಕ್ಕಿ ಡಬ್ಬಿಯೊಳಗೆ ಬಚ್ಚಿಟ್ಟ ನಾಣ್ಯಗಳು ಸಂಜೆಯ ಹೊತ್ತು ಬರುತ್ತಿದ್ದ ಪಿಗ್ಮಿಯವರ ಚೀಲಕ್ಕೆ ಬೀಳುತ್ತಿದ್ದುದನ್ನು ಕಂಡೇ ನಾನು ದೊಡ್ಡವನಾದದ್ದು. ಹೀಗಾಗಿ ವಿಮಾನ ಹತ್ತುವಾಗ ನಮ್ಮ ಮನೆಯ ಕಪಾಟಿನಲ್ಲಿ ವಿಜಯಾ, ಕಾರ್ಪೊರೇಷನ್, ಸಿಂಡಿಕೇಟ್, ಈ ಮೂರರ ಪಾಸ್ ಪುಸ್ತಕಗಳೂ ಇದ್ದವು. ಮರಳಿ ಬರುವಾಗ ಮೂರೂ ಬ್ಯಾಂಕುಗಳಿಲ್ಲ. ವಿಜಯಾ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಮುಂದಿನ ವರ್ಷದ ಏಪ್ರಿಲ್ 1ರಂದು ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೂ ಸಿಂಡಿಕೇಟ್ ಕೆನರಾಕ್ಕೂ ಹೋದವು. ಹಣಕಾಸಿನ ವರ್ಷ ಅಂದೇ ಆರಂಭವಾಗುವುದೆಂಬುದು ನನಗೆ ಗೊತ್ತು. ಆದರೂ ಇಂಥ ಸುದ್ದಿಗೆ ಏಪ್ರಿಲ್ ಒಂದನೆಯ ತಾರೀಕನ್ನು ಆರಿಸಬಾರದಿತ್ತು.

ವಿಚಿತ್ರವೆಂದರೆ ಬ್ಯಾಂಕುಗಳು ಹೋದರೂ ದಾರಿ ಹೇಳುವುದರಿಂದ ಅವು ಹೋಗಿಲ್ಲ. “ಹಳೇ ವಿಜಯಾ ಬ್ಯಾಂಕಿನ ಹತ್ತಿರ ಇಳಿದು ಎಡಕ್ಕೆ ಬನ್ನಿ” ಎಂದು ಈಗಲೂ ಹೇಳುತ್ತಾರೆ, ಹಳೆಯದನ್ನು ಕಂಡವರಿಗೆ ಮಾತ್ರ ಅದು ಪ್ರಯೋಜನಕ್ಕೆ ಬರುತ್ತದೆ. ಬಸ್ ನಿಲ್ದಾಣವನ್ನೇ ಸ್ಟೇಟ್‌ಬ್ಯಾಂಕ್ ಎಂದು ಕರೆದು, ಅಲ್ಲಿಗೆ ಹೋಗುವ ಬಸ್ಸುಗಳ ಹಣೆಯ ಮೇಲೆ ಹಾಗೆಯೇ ಬರೆಸಿದ ಊರಿನವರಿಂದ ಬೇರೇನನ್ನು ನಿರೀಕ್ಷಿಸುವುದು! ಹೀಗೆ ಹಳೆಯ ಹೆಸರು ಕೇಳಿಕೊಂಡು, ಹೊಸ ಹೆಸರಿನ ಫಲಕದ ಕೆಳಗೆ ನುಗ್ಗಿ, ಒಳಗಿನ ಕೌಂಟರಿನಲ್ಲಿ ನಿಂತ ನನ್ನನ್ನು ಎದುರಿನ ತರುಣ ಅಧಿಕಾರಿ ಹಿಂದಿಯಲ್ಲಿ ಮಾತನಾಡಿಸಿದರು. ದೂರದ ರಾಜ್ಯದಿಂದ ವರ್ಗವಾಗಿ ಬಂದವರಿರಬೇಕು, ಮುಖದಲ್ಲಿ ಮನೆಯ ನೆನಪು ಕಾಣುತ್ತಿತ್ತು. ಮಂಗಳೂರಿನಲ್ಲಿ ಹಿಂದಿ ಅಷ್ಟಾಗಿ ಬಾರದಿದ್ದ ನನಗೆ ಅದನ್ನು ಕಲಿಸಿದ್ದು ಮಸ್ಕತ್ತಿನಲ್ಲಿ ಜೊತೆಗಿದ್ದ ಪಾಕಿಸ್ತಾನದ ಚಾಲಕರು. ಪೇಶಾವರದ ಧಾಟಿಯ ಆ ಹಿಂದಿ ಸುರತ್ಕಲ್ಲಿನ ಬ್ಯಾಂಕಿನೊಳಗೆ ನನ್ನನ್ನು ಕಾಪಾಡಿತು. ನನ್ನ ಹಿಂದೆ ನಿಂತಿದ್ದ, ಎಂದೂ ಜಿಲ್ಲೆಯ ಗಡಿ ದಾಟದ ಅಜ್ಜಿಯೊಬ್ಬರಿಗೆ ನಾನೇ ದುಭಾಷಿಯಾದೆ. ತುಳುವಿನಿಂದ ಹಿಂದಿಗೆ, ಹಿಂದಿಯಿಂದ ತುಳುವಿಗೆ. ಪರದೇಶದಿಂದ ಬಂದವರು ಯಾರು ಎಂಬ ಬಗ್ಗೆ ಆ ಅಜ್ಜಿಗೆ ಅನುಮಾನ ಹುಟ್ಟಿದ್ದರೆ ತಪ್ಪಿಲ್ಲ.

ಆಮೇಲೆ ಎನ್‌ಆರ್‌ಇ ಖಾತೆಯ, ಅಂದರೆ ಪರದೇಶದಲ್ಲಿರುವ ಅನಿವಾಸಿಗಳ ಖಾತೆಯ, ಪ್ರಸಂಗ. ಖಾಯಂ ಆಗಿ ಊರಿಗೆ ಬಂದವನು ಅಂಥ ಖಾತೆಯನ್ನು ನಿವಾಸಿ ಖಾತೆಯಾಗಿ ಬದಲಾಯಿಸಿಕೊಳ್ಳಬೇಕೆಂಬುದು ನಿಯಮ. ರಜೆಯಲ್ಲಿ ಬಂದಾಗ ಇಂಥ ಖಾತೆಯವರನ್ನು ವ್ಯವಸ್ಥಾಪಕರು ಗಾಜಿನ ಕೋಣೆಗೆ ಕರೆದು, ತಂಪಾದ ಗಾಳಿಯಲ್ಲಿ ಕೂರಿಸಿ, ಠೇವಣಿಯ ಬಡ್ಡಿದರದ ಹಾಳೆಯನ್ನು ಚಹಾದ ಜೊತೆಗೆ ಕೊಡುವುದು ವಾಡಿಕೆ. ಈ ಬಾರಿಯೂ ಚಹಾ ಬಂತು. ಆದರೆ ನಾನು ಅರ್ಜಿ ಮುಂದಿಟ್ಟ ಕೂಡಲೇ ಅವರ ಮುಖ ಬಾಡಿತು. “ಇನ್ನೊಮ್ಮೆ ಯೋಚ್ನೆ ಮಾಡಿ ಸಾರ್, ಈಗಲೇ ಎಂತಕ್ಕೆ? ಒಂದು ವೇಳೆ ವಾಪಸ್ ಹೋಗುವ ಹಾಗೆ ಆದ್ರೆ?” ಎಂದರು. ಆ ಮಾತಿನಲ್ಲಿ ನಿಜವಾದ ಕಾಳಜಿಯಿತ್ತು, ಅದರೊಳಗೆ ಶಾಖೆಯ ವಾರ್ಷಿಕ ಗುರಿಯೂ ಇತ್ತು. ನಿಯಮ ಹೇಳಿದಂತೆ ಮಾಡೋಣ ಎಂದೆ. ಮುಂದಿನ ಬಾರಿ ಅದೇ ಶಾಖೆಗೆ ಪಾಸ್ ಪುಸ್ತಕ ಮುದ್ರಿಸಲು ಹೋದಾಗ ನಾನು ಎಲ್ಲರಂತೆ ಯಂತ್ರದ ಮುಂದಿನ ಸಾಲಿನಲ್ಲಿ ನಿಂತೆ. ಯಂತ್ರ ಕೆಟ್ಟಿತ್ತು. ಊರಿನ ಪೂರ್ಣ ನಾಗರಿಕನಾದ ಭಾವ ನನಗೆ ಮೊದಲು ಬಂದದ್ದು ಅಲ್ಲಿ.

ಮನೆಯ ಮೇಲ್ಛಾವಣಿಯ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರಿನ ಹಂಚು ದೇಶವಿದೇಶಗಳ ಮನೆಗಳ ಮೇಲೆ ಕುಳಿತಿತು. ಇಳಿಜಾರಿನ ಮಾಡು, ಕೆಂಪು ಹಂಚು, ಮುರಕಲ್ಲಿನ ಗೋಡೆ. ಇಷ್ಟರಿಂದ ನಮ್ಮ ಹಿರಿಯರು ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಸುರಿಯುವ ಮಳೆಯನ್ನು ನಿಭಾಯಿಸಿದರು. ನಮ್ಮ ತಲೆಮಾರು ಗಲ್ಫಿಗೆ ಹೋಯಿತು. ವರ್ಷಕ್ಕೆ ನೂರು ಮಿಲಿಮೀಟರಿನ ಆಸುಪಾಸು ಮಳೆ ಬರುವ ಮಸ್ಕತ್ತಿನಲ್ಲಿ ಚಪ್ಪಟೆ ಛಾವಣಿಯ ಬಿಳಿಯ ಮನೆಗಳನ್ನು ಕಂಡು ಮರುಳಾಗಿ, ದುಡಿದ ಹಣವನ್ನು ಕಳುಹಿಸಿ, ಅಂಥವೇ ಚಪ್ಪಟೆ ಟೆರೇಸಿನ ಮನೆಗಳನ್ನು ಇಲ್ಲಿ ಕಟ್ಟಿಸಿತು. ಮೊದಲ ಮಳೆಗಾಲದಲ್ಲಿ ಟೆರೇಸು ಕೆರೆಯಾಯಿತು, ಎರಡನೆಯದರಲ್ಲಿ ಪಾಚಿ ಹಿಡಿಯಿತು, ಮೂರನೆಯದರಲ್ಲಿ ಮಲಗುವ ಕೋಣೆಯ ಮೂಲೆಯಲ್ಲಿ ಭೂಪಟದಂಥ ಕಲೆ ಮೂಡಿತು. ಆಗ ಎಲ್ಲರೂ ಟೆರೇಸಿನ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಇಳಿಜಾರಾಗಿ ಶೀಟು ಹಾಕಿಸಿದರು. ಬರಿಯ ತಗಡಾದರೆ ಚೆಂದವಿಲ್ಲವೆಂದು ಈಗ ಕೆಂಪು ಬಣ್ಣದ, ಹಂಚಿನಂತೆಯೇ ಅಚ್ಚೊತ್ತಿದ ಶೀಟುಗಳು ಬಂದಿವೆ. ಸುರತ್ಕಲ್ಲಿನಿಂದ ಉಡುಪಿಯವರೆಗೆ ಬಸ್ಸಿನ ಎಡಕಿಟಕಿಯಲ್ಲಿ ಕುಳಿತು ನೋಡುತ್ತ ಹೋಗಿ: ಕೆಳಗೆ ಒಮಾನ್, ಮೇಲೆ ತಗಡಿನ ಮಂಗಳೂರು. ನಮ್ಮ ಮನೆಯದೂ ಹಾಗೆಯೇ. ಅದರ ಕೆಳಗಿನ ಜಾಗದಲ್ಲಿ ಬಟ್ಟೆ ಒಣಗುತ್ತದೆ, ಅಡಿಕೆ ಒಣಗುತ್ತದೆ, ಮಕ್ಕಳ ಹುಟ್ಟುಹಬ್ಬ ನಡೆಯುತ್ತದೆ. ಹಾಗೆ ನೋಡಿದರೆ ಇಡೀ ಮನೆಯಲ್ಲಿ ಅತ್ಯಂತ ಉಪಯುಕ್ತವಾದ ಕೋಣೆ ವಾಸ್ತುಶಿಲ್ಪಿಯ ನಕ್ಷೆಯಲ್ಲಿಲ್ಲದ ಅದೊಂದೇ.

ಮಳೆಯ ವಿಷಯ ಬಂದಾಗ ಒಂದು ಹೋಲಿಕೆ ನನಗೆ ಬಹಳ ಇಷ್ಟ. ಮಸ್ಕತ್ತಿನಲ್ಲಿ ಮಳೆ ಬಂದರೆ ಶಾಲೆಗಳಿಗೆ ರಜೆ ಕೊಡುತ್ತಾರೆ ಎಂದು ಹಿಂದೆ ಊರಿನವರಿಗೆ ಹೇಳಿ ನಗಿಸುತ್ತಿದ್ದೆ. ಈಗ ಇಲ್ಲಿಯೂ ಹವಾಮಾನ ಇಲಾಖೆಯ ರೆಡ್ ಅಲರ್ಟ್ ಬಂದರೆ ಜಿಲ್ಲಾಧಿಕಾರಿಗಳು ರಜೆ ಘೋಷಿಸುತ್ತಾರೆ. ನಾಳೆ ರಜೆ ಕೊಡುತ್ತಾರೋ ಇಲ್ಲವೋ ಎಂದು ರಾತ್ರಿ ಹತ್ತರವರೆಗೆ ಮೊಬೈಲು ಹಿಡಿದು ಕಾಯುವ ಮಕ್ಕಳಿಗೆ ಡೀಸಿ ಎಂದರೆ ದೇವರಿಗೂ ಮೇಲೆ. ಮೊಣಕಾಲಿನವರೆಗೆ ನೀರಿನಲ್ಲಿ ಶಾಲೆಗೆ ನಡೆದದ್ದನ್ನು ನಾನು ಹೇಳಹೊರಟರೆ ಮಗಳ ಮಗ ಎದ್ದು ಹೋಗುತ್ತಾನೆ. ಹೇಳುವುದನ್ನು ಬಿಟ್ಟಿದ್ದೇನೆ.

ಬಸ್ಸುಗಳು ಬದಲಾಗಿಲ್ಲ, ಅಷ್ಟೇ ಸಮಾಧಾನ. ಖಾಸಗಿ ಎಕ್ಸ್‌ಪ್ರೆಸ್ಸುಗಳು ಹಿಂದಿನಷ್ಟೇ ವೇಗದಲ್ಲಿ ಹೋಗುತ್ತವೆ, ಕಂಡಕ್ಟರು ಬಾಗಿಲಿನಲ್ಲಿ ನೇತಾಡುತ್ತ ಹಿಂದಿನಂತೆಯೇ ಒಳಗೆ ಜಾಗ ಉಂಟು ಎಂದು ಸುಳ್ಳು ಹೇಳುತ್ತಾರೆ. ಹೆದ್ದಾರಿ 17 ಹೋಗಿ 66 ಆಗಿದೆ. ಪಂಪ್‌ವೆಲ್ಲಿನ ಮೇಲ್ಸೇತುವೆ ಪ್ರತಿ ರಜೆಯಲ್ಲಿಯೂ ಅರ್ಧಕ್ಕೆ ನಿಂತಿರುವುದನ್ನು ಕಂಡು, ಅದರ ಮೇಲಿನ ನಗೆಹನಿಗಳನ್ನು ಮಸ್ಕತ್ತಿನವರೆಗೆ ಹೊತ್ತು ಒಯ್ದವರು ನಾವು; 2020ರ ಜನವರಿ 31ರಂದು ಅದು ಉದ್ಘಾಟನೆಯಾದಾಗ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ಶೋಕವೇ ಕವಿಯಿತು. ಮಾತನಾಡಲು ಬೇರೆ ಸಂಗತಿ ಹುಡುಕಬೇಕಾಯಿತು.

ಯಕ್ಷಗಾನದ ವಿಷಯದಲ್ಲಿ ಮಾತ್ರ ನನಗೆ ನಿಜವಾದ ನಷ್ಟವಾಗಿದೆ. ದೀಪಾವಳಿಯ ಆಸುಪಾಸಿನಿಂದ ಮೇ ತಿಂಗಳ ಕೊನೆಯ ಪತ್ತನಾಜೆಯವರೆಗೆ ಬಯಲಿನಲ್ಲಿ ಇಡೀ ರಾತ್ರಿ ಆಟ ನೋಡುವುದು, ಎಂದರೆ ಚೆಂಡೆಯ ಸದ್ದಿನ ನಡುವೆ ಚಾಪೆಯ ಮೇಲೆ ಮಲಗಿ, ರಾಕ್ಷಸ ಬಂದಾಗ ಎಚ್ಚತ್ತು, ಸ್ತ್ರೀವೇಷ ಬಂದಾಗ ಮತ್ತೆ ಕಣ್ಣು ಮುಚ್ಚಿ, ಬೆಳಗಿನ ಜಾವ ಗೋಳಿಬಜೆ ತಿಂದು ಮನೆಗೆ ಬರುವುದು, ಮರಳಿ ಬಂದ ಮೇಲೆ ಮಾಡಬೇಕೆಂದು ನಾನು ಇಟ್ಟುಕೊಂಡಿದ್ದ ಕೆಲವೇ ಕಾರ್ಯಕ್ರಮಗಳಲ್ಲಿ ಒಂದು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕಕ್ಕೆ ಇರುವ ನಿರ್ಬಂಧದಿಂದಾಗಿಯೂ, ಮರುದಿನ ಕೆಲಸಕ್ಕೆ ಹೋಗುವ ಪ್ರೇಕ್ಷಕರಿಂದಾಗಿಯೂ, ಈಗ ಹಲವು ಆಟಗಳು ಕಾಲಮಿತಿಯವು. ಚೌಕಿಪೂಜೆ ಮುಗಿಸಿ, ಅನ್ನಪ್ರಸಾದ ಉಂಡು ಕುರ್ಚಿಯಲ್ಲಿ ಕೂತರೆ, ಕಣ್ಣಿಗೆ ನಿದ್ದೆ ಹತ್ತುವ ಹೊತ್ತಿಗೆ ಮಂಗಳ ಹಾಡುತ್ತಾರೆ. ಪ್ರಸಂಗವನ್ನು ಮೊದಲಿನಿಂದ ಕೊನೆಯವರೆಗೆ ಎಚ್ಚರವಿದ್ದು ನೋಡುವ ದುರ್ಗತಿ ನಮ್ಮ ಹಿರಿಯರಿಗೆ ಬಂದಿರಲಿಲ್ಲ.

ಇನ್ನು ಸಮಿತಿಯ ವಿಚಾರ. ಕರಾವಳಿಯಲ್ಲಿ ದೇವಸ್ಥಾನಗಳಿಗೆ ಹನ್ನೆರಡು ವರ್ಷಕ್ಕೊಮ್ಮೆ ಬ್ರಹ್ಮಕಲಶೋತ್ಸವ ನಡೆಯುತ್ತದೆ, ಅದರ ಆಮಂತ್ರಣ ಪತ್ರಿಕೆ ಒಂದು ಪುಸ್ತಕದಷ್ಟಿರುತ್ತದೆ. ಅದರಲ್ಲಿ ಅಧ್ಯಕ್ಷರು, ಗೌರವಾಧ್ಯಕ್ಷರು, ಕಾರ್ಯಾಧ್ಯಕ್ಷರು, ಆಮೇಲೆ ಮುಂಬಯಿ ಸಮಿತಿ, ಬೆಂಗಳೂರು ಸಮಿತಿ, ಗಲ್ಫ್ ಸಮಿತಿ. ಕಳೆದ ಬಾರಿ ನಾನು ಗಲ್ಫ್ ಸಮಿತಿಯ ಗೌರವ ಸಲಹೆಗಾರನಾಗಿದ್ದೆ. ಸಲಹೆಯನ್ನು ಯಾರೂ ಕೇಳಿರಲಿಲ್ಲ, ಕೇಳಿದ್ದು ಬೇರೆಯದು; ಅದನ್ನು ಕೊಟ್ಟಿದ್ದೆ. ಹೆಸರಿನ ಮುಂದೆ ‘ಮಸ್ಕತ್’ ಎಂದು ಛಾಪಿಸಿದ್ದರು, ಫ್ಲೆಕ್ಸಿನಲ್ಲಿ ಟೈ ಕಟ್ಟಿದ ಫೋಟೋ ಇತ್ತು. ಈಗಿನ ಸಿದ್ಧತಾ ಸಭೆಗೆ ನಾನು ಖುದ್ದಾಗಿ ಹೋಗಿ ಕುಳಿತೆ. ಮಸ್ಕತ್ತಿನಲ್ಲಿ ಇಲ್ಲದವನು ಗಲ್ಫ್ ಸಮಿತಿಯಲ್ಲಿ ಹೇಗಿರುವುದು ಎಂಬ ಪ್ರಶ್ನೆಯನ್ನು ಕಾರ್ಯದರ್ಶಿಗಳು ಬಹಳ ಸಂಕೋಚದಿಂದಲೇ ಎತ್ತಿದರು. ನ್ಯಾಯವಾದ ಪ್ರಶ್ನೆ. ಚರ್ಚೆಯಾಗಿ, ನನ್ನ ಹೆಸರನ್ನು ಕೊನೆಯ ಪುಟದ ‘ಸರ್ವ ಸದಸ್ಯರು’ ಎಂಬಲ್ಲಿಗಿಂತ ಸ್ವಲ್ಪ ಮೇಲೆ, ಪಾರ್ಕಿಂಗ್ ಉಪಸಮಿತಿಯಲ್ಲಿ ಸೇರಿಸುವುದೆಂದು ಆಯಿತು.

ಅಷ್ಟರಲ್ಲಿ ಖಜಾಂಚಿಗಳಿಗೆ ಒಂದು ವಿಚಾರ ಹೊಳೆಯಿತು. ಗಲ್ಫಿನಲ್ಲಿರುವವರಿಂದ ವಂತಿಗೆ ಎತ್ತುವುದು ದೊಡ್ಡ ಕಷ್ಟ. ಫೋನು ಮಾಡಿದಾಗಲೆಲ್ಲ ಡ್ಯೂಟಿಯಲ್ಲಿದ್ದೇನೆ, ಆಮೇಲೆ ಮಾಡುತ್ತೇನೆ ಎನ್ನುತ್ತಾರೆ. ಅಲ್ಲಿಯ ಗುಟ್ಟು ತಿಳಿದ ನೀವೇ ಯಾಕೆ ನೋಡಬಾರದು ಎಂದರು. ಗುಟ್ಟು ನನಗೆ ಗೊತ್ತಿತ್ತು. ಒಮಾನಿನಲ್ಲಿ 2013ರಿಂದ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಸಮಿತಿಯವರು ಇಷ್ಟು ಕಾಲ ಫೋನು ಮಾಡುತ್ತಿದ್ದುದು ತಮಗೆ ಬಿಡುವಿರುವ ಭಾನುವಾರ, ಅಂದು ಅಲ್ಲಿ ವಾರದ ಮೊದಲ ಕೆಲಸದ ದಿನ. ನಾನೂ ಈ ಅನುಕೂಲವನ್ನು ಎಷ್ಟೋ ಭಾನುವಾರ ಉಪಯೋಗಿಸಿಕೊಂಡವನೇ. ಈಗ ರಶೀದಿ ಪುಸ್ತಕವನ್ನು ಮುಂದಿಟ್ಟುಕೊಂಡು ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ಕುಳಿತುಕೊಳ್ಳುತ್ತೇನೆ. ಅಲ್ಲಿ ಆಗ ಒಂಬತ್ತು ಗಂಟೆ. ಎದ್ದಿರುತ್ತಾರೆ, ಚಹಾ ಕುಡಿಯುತ್ತಿರುತ್ತಾರೆ, ಎಲ್ಲಿಗೂ ಹೊರಟಿರುವುದಿಲ್ಲ. ನನ್ನ ಹಳೆಯ ಕೋಣೆಯ ಜೊತೆಗಾರರೊಬ್ಬರು ಮೊನ್ನೆ ನನ್ನ ಸ್ವರ ಕೇಳಿ, ಡ್ಯೂಟಿಯಲ್ಲಿ ಎಂದು ಆರಂಭಿಸಿ, ವಾರ ನೆನಪಾಗಿ ಅರ್ಧಕ್ಕೇ ನಿಲ್ಲಿಸಿದರು. ಇಪ್ಪತ್ತೈದು ರಿಯಾಲು ಬರೆದುಕೊಳ್ಳಿ ಮಾರಾಯ್ರೆ ಎಂದರು. ಕಳೆದ ಬಾರಿ ಐವತ್ತು ಕೊಟ್ಟಿದ್ದಿರಿ ಎಂದು ನಾನು ನೆನಪಿಸಿದೆ. ಆ ಪಟ್ಟಿಯಲ್ಲಿ ಅವರ ಹೆಸರು ನನ್ನ ಹೆಸರಿನ ಕೆಳಗೇ ಇತ್ತಲ್ಲ.